ಉತ್ತರದ ಲಂಡನ್ ಬೆಚ್ಚಗೆ, ದಕ್ಷಿಣದ ಟೊರೊಂಟೊ ಕೊರೆತ: ಯಾಕೆ?

ಪ್ರಶ್ನೆ: ಮಗಳು ಲಂಡನ್ನಿನಲ್ಲಿ, ಮಗ ಟೊರೊಂಟೊದಲ್ಲಿ. ನಕ್ಷೆಯಲ್ಲಿ ಲಂಡನ್ನೇ ಉತ್ತರಕ್ಕಿದೆ. ಆದರೆ ಜನವರಿಯಲ್ಲಿ ವಿಡಿಯೊ ಕಾಲ್ ಮಾಡಿದರೆ ಮಗಳ ಕಿಟಕಿಯಾಚೆ ಜಿಟಿಜಿಟಿ ಮಳೆ, ಮಗನ ಅಂಗಳದ ತುಂಬ ಹಿಮ. ಗಲ್ಫ್ ಸ್ಟ್ರೀಮ್ ಎಂಬ ಅಟ್ಲಾಂಟಿಕ್ ಕಡಲಿನ ಬಿಸಿನೀರ ಪ್ರವಾಹ ಕಾರಣವಂತೆ, ಹೌದೇ?
– ಓದುಗರೊಬ್ಬರು, ಮೈಸೂರು

ಉತ್ತರ: ಪೂರ್ತಿ ಹೌದೆನ್ನಲಾರೆ. ಅಮೆರಿಕದ ನೌಕಾಧಿಕಾರಿ ಮ್ಯಾಥ್ಯೂ ಮೌರಿ 1855ರಲ್ಲಿ ಜನಪ್ರಿಯಗೊಳಿಸಿದ ಆ ವಿವರಣೆಯನ್ನೇ ನಾವೂ ಶಾಲೆಯಲ್ಲಿ ಉರು ಹೊಡೆದವರು. ಆದರೆ ಕೆನಡಾದ ಪಶ್ಚಿಮ ಕರಾವಳಿಯ ವ್ಯಾಂಕೂವರ್ ನೋಡಿ. ಅಲ್ಲಿ ಗಲ್ಫ್ ಸ್ಟ್ರೀಮ್ ಇಲ್ಲ, ಆದರೂ ಜನವರಿಯ ಸರಾಸರಿ ಉಷ್ಣಾಂಶ ಸೊನ್ನೆಗಿಂತ ಮೇಲೇ ಇರುತ್ತದೆ. ಹೆಚ್ಚುಕಡಿಮೆ ಅದೇ ಅಕ್ಷಾಂಶದ, ಒಳನಾಡಿನ ವಿನ್ನಿಪೆಗ್‌ನಲ್ಲಿ ಅದು ಮೈನಸ್ 16ರ ಆಸುಪಾಸು.

ಕಡಲು ಬಚ್ಚಲ ಹಂಡೆಯಂತೆ. ಒಲೆ ಆರಿದರೂ ನೀರು ಬೇಗ ತಣಿಯದು. ಬೇಸಿಗೆಯಲ್ಲಿ ಕುಡಿದ ಬಿಸಿಲನ್ನು ಅದು ಚಳಿಗಾಲವಿಡೀ ಗಾಳಿಗೆ ಬಿಟ್ಟುಕೊಡುತ್ತದೆ. ಆ ಅಕ್ಷಾಂಶಗಳಲ್ಲಿ ಗಾಳಿ ಹೆಚ್ಚಾಗಿ ಬೀಸುವುದು ಪಶ್ಚಿಮದಿಂದ. ಹಾಗಾಗಿ ಲಂಡನ್ನಿಗೆ ಅಟ್ಲಾಂಟಿಕ್ ದಾಟಿ ಬಂದ ಗಾಳಿ, ಟೊರೊಂಟೊಗೆ ಹೆಪ್ಪುಗಟ್ಟಿದ ನೆಲದ ಮೇಲಿಂದ ಬಂದ ಗಾಳಿ.

ಪಠ್ಯಪುಸ್ತಕ ಬಿಟ್ಟುಬಿಟ್ಟದ್ದು ಬೆಟ್ಟವನ್ನು. ಹೊಳೆಯಲ್ಲಿ ಮುಳುಗಿದ ಬಂಡೆಯನ್ನು ನೀರು ದಾಟಿದೊಡನೆ ಒಂದು ಅಲೆ ಎದ್ದು ಅಲ್ಲೇ ನಿಂತಿರುವುದನ್ನು ನೀವು ಕಂಡಿರಬಹುದು; ನೀರು ಹರಿದುಹೋಗುತ್ತದೆ, ಅಲೆ ಕದಲುವುದಿಲ್ಲ. ಉತ್ತರ ಅಮೆರಿಕದ ಪಶ್ಚಿಮದಲ್ಲಿ ಉತ್ತರ–ದಕ್ಷಿಣವಾಗಿ ಚಾಚಿದ ರಾಕಿ ಪರ್ವತಗಳು ಪಡುವಣ ಗಾಳಿಯಲ್ಲಿ ಎಬ್ಬಿಸುವುದೂ ಇಂಥದ್ದೇ ಅಲೆ, ಸಾವಿರಾರು ಕಿಲೋಮೀಟರ್ ಅಗಲದ್ದು. ಬೆಟ್ಟ ದಾಟಿದ ಗಾಳಿ ದಕ್ಷಿಣಕ್ಕೆ ಬಾಗುತ್ತ ಆರ್ಕ್ಟಿಕ್ ಚಳಿಯನ್ನು ನಿಮ್ಮ ಮಗನ ಕಡೆಗೆ ಎಳೆದು ತರುತ್ತದೆ. ಅಟ್ಲಾಂಟಿಕ್ ಮೇಲೆ ಮತ್ತೆ ಉತ್ತರಕ್ಕೆ ತಿರುಗಿ, ನೈಋತ್ಯದ ಬೆಚ್ಚನೆ ಗಾಳಿಯಾಗಿ ಮಗಳ ಊರು ಸೇರುತ್ತದೆ. ಪರ್ವತ ಸರಿಯುವುದಿಲ್ಲವಾದ್ದರಿಂದ ಪ್ರತಿ ಚಳಿಗಾಲವೂ ಅದೇ ಕತೆ. 2002ರಲ್ಲಿ ಹವಾಮಾನ ವಿಜ್ಞಾನಿ ರಿಚರ್ಡ್ ಸೀಗರ್ ಮತ್ತು ಸಂಗಡಿಗರು ಕಂಪ್ಯೂಟರ್ ಮಾದರಿಯಲ್ಲಿ ಪರ್ವತಗಳನ್ನು ಚಪ್ಪಟೆ ಮಾಡಿ ನೋಡಿದಾಗ ಅಟ್ಲಾಂಟಿಕ್‌ನ ಎರಡು ದಡಗಳ ಚಳಿಯ ಅಂತರ ಬಹಳ ಕುಗ್ಗಿತು. ಪ್ರವಾಹಗಳು ಸಾಗಿಸುವ ಶಾಖವನ್ನು ತೆಗೆದಾಗ ಎರಡೂ ದಡ ತಣ್ಣಗಾದವು, ಅಂತರ ಮಾತ್ರ ಅಷ್ಟಾಗಿ ಬದಲಾಗಲಿಲ್ಲ. (ನಮ್ಮ ಹಿಮಾಲಯ ಪೂರ್ವ–ಪಶ್ಚಿಮವಾಗಿ ಮಲಗಿದೆ, ಸೈಬೀರಿಯದ ಚಳಿಗೆ ಅಡ್ಡಗೋಡೆ. ಅದು ರಾಕಿಯಂತೆ ನಿಂತಿದ್ದರೆ ಬೀದರಿನ ಜನವರಿ ಬೇರೆಯೇ ಇರುತ್ತಿತ್ತು.)

ಕೆಲವು ವರ್ಷ ಈ ಅಲೆ ಉಬ್ಬಿ, ತಿಂಗಳುಗಟ್ಟಲೆ ಜಗ್ಗದೆ ಕೂರುತ್ತದೆ. 2013–14ರಲ್ಲಿ ಹಾಗೇ ಆಯಿತು. ಅಮೆರಿಕದ ಪಶ್ಚಿಮ ಕರಾವಳಿಯಾಚೆ ಅಧಿಕ ಒತ್ತಡದ ದಿಬ್ಬವೊಂದು ಬೀಡುಬಿಟ್ಟು ಕ್ಯಾಲಿಫೋರ್ನಿಯಾದ ಮಳೆಯನ್ನು ತಡೆಯಿತು. ಅದರಡಿ ಗಾಳಿ ತಗ್ಗಿ, ಶಾಖ ಕಳೆದುಕೊಳ್ಳದೆ ಉಳಿದ ಬೆಚ್ಚನೆ ಕಡಲಿಗೆ ಹವಾಮಾನ ತಜ್ಞ ನಿಕ್ ಬಾಂಡ್ ‘ಬ್ಲಾಬ್’ ಎಂದು ಹೆಸರಿಟ್ಟರು. ಪೂರ್ವದಲ್ಲಿ ಅಮೆರಿಕ–ಕೆನಡಾ ಗಡಿಯ ಮಹಾಸರೋವರಗಳ (ಗ್ರೇಟ್ ಲೇಕ್ಸ್) 92 ಪ್ರತಿಶತ ಹೆಪ್ಪುಗಟ್ಟಿತು. ಅದೇ ಚಳಿಗಾಲ ಬ್ರಿಟನ್ನಿನ ಮೇಲೆ ಬಿರುಗಾಳಿಗಳು ಸಾಲುಗಟ್ಟಿ ಬಂದು ಸಾಮರ್ಸೆಟ್ಟಿನ ತಗ್ಗುಭೂಮಿ ವಾರಗಟ್ಟಲೆ ನೀರಲ್ಲಿ ನಿಂತಿತು.

ಲಂಡನ್ನಿಗೂ ಪೂರ್ತಿ ಅಭಯವಿಲ್ಲ. 2010ರ ಡಿಸೆಂಬರಿನಲ್ಲಿ ಅಟ್ಲಾಂಟಿಕ್ ಗಾಳಿಯ ದಾರಿ ಕಟ್ಟಿಹೋಗಿ, ಬ್ರಿಟನ್ ನೂರು ವರ್ಷಗಳಲ್ಲೇ ಅತಿ ಚಳಿಯ ಡಿಸೆಂಬರ್ ಕಂಡಿತು. ಗಾಳಿ ಪೂರ್ವದಿಂದ ಬೀಸುತ್ತಿದೆ ಎಂದು ಮಗಳು ಹೇಳಿದ ದಿನ, ಸ್ವೆಟರ್ ಹಾಕಿಕೋ ಎನ್ನಿ.