ಪಟ್ಟಿ ತೆರೆದಿರುವಾಗ ಬ್ರೇಕ್‌ಪಾಯಿಂಟ್, ಲ್ಯಾಪ್‌ಟಾಪ್ ಕಲ್ಲು: ಪವರ್ ಬಟನ್ ಒತ್ಬೇಡಿ

ಮೊದಲು ಆ ಪವರ್ ಬಟನ್ ಒತ್ತಿ ಹಿಡಿಯುವುದನ್ನು ನಿಲ್ಲಿಸಿ ಮಾರಾಯ್ರೆ. ನಿನ್ನೆಯಿಂದ ಮೂರು ಸಲ ಅಂತ ನೀವೇ ಬರೆದಿದ್ದೀರಿ. ನಿಮ್ಮ ಪ್ರಶ್ನೆ ಇಷ್ಟು: ದೇವಸ್ಥಾನದ ಸೇವಾ ರಶೀದಿಯ ಪ್ರೋಗ್ರಾಂ, ಪೈಕ್ಯೂಟಿ5 (ಪೈಥಾನ್‌ನಲ್ಲಿ ಕಿಟಕಿ, ಬಟನ್ ಮಾಡುವ ಲೈಬ್ರರಿ, ಅದರ ಒಳಗಿರುವುದು ಕ್ಯೂಟಿ), ಉಬುಂಟುವಿನಲ್ಲಿ ಝೋರ್ಗ್ ಲಾಗಿನ್ (ಅಂದರೆ ಪರದೆ, ಮೌಸ್, ಕೀಬೋರ್ಡ್ ನೋಡಿಕೊಳ್ಳುವುದು ಎಕ್ಸ್ ಸರ್ವರ್), ಕೋಡ್ ಬರೆಯಲಿಕ್ಕೆ ವಿಎಸ್ ಕೋಡ್. ಕಾಂಬೋಬಾಕ್ಸ್‌ನಲ್ಲಿ (ಒತ್ತಿದರೆ ತೆರೆಯುವ ಪಟ್ಟಿ) ರಂಗಪೂಜೆಯ ಮೇಲೆ ಮೌಸ್ ಹೋದ ಕೂಡಲೇ ಪಕ್ಕದಲ್ಲಿ ದರ ತೋರಿಸುವ ಸ್ಲಾಟ್‌ಗೆ (ಸಿಗ್ನಲ್ ಬಂದಾಗ ಓಡುವ ಫಂಕ್ಷನ್) ಬ್ರೇಕ್‌ಪಾಯಿಂಟ್ (ಪ್ರೋಗ್ರಾಂ ಅಲ್ಲಿಗೆ ಬಂದಾಗ ನಿಲ್ಲಿಸುವ ಗುರುತು) ಇಟ್ಟಿರಿ, ಅಲ್ಲಿಗೆ ಎಲ್ಲ ಸ್ತಬ್ಧ. ಬಾಣ ಓಡಾಡ್ತದೆ, ಎಲ್ಲಿ ಕ್ಲಿಕ್ ಮಾಡಿದರೂ ಏನೂ ಇಲ್ಲ. ಇದನ್ನು ಗ್ರಾಫಿಕ್ಸ್ ಡ್ರೈವರ್ ದೋಷ ಅಂದುಕೊಂಡು ಓಎಸ್ ಹೊಸದಾಗಿ ಹಾಕಿದವರಲ್ಲಿ ನಾನೂ ಒಬ್ಬ. ನೀವು ಇವತ್ತು ಪೆನ್‌ಡ್ರೈವ್ ತಯಾರು ಮಾಡ್ತಾ ಇದ್ದೀರಿ ಅಂತ ಓದಿ ಬರೀತಿದ್ದೇನೆ. ಬೇಡ. ಡ್ರೈವರ್ ಸರಿಯಾಗೇ ಉಂಟು.

ಪಟ್ಟಿ ಅಥವಾ ಮೆನು ತೆರೆದಿರುವಷ್ಟು ಹೊತ್ತು ಕ್ಯೂಟಿ ಎಕ್ಸ್ ಸರ್ವರ್ ಹತ್ರ ಮೌಸ್ ಮತ್ತು ಕೀಬೋರ್ಡನ್ನು ಗ್ರ್ಯಾಬ್ ಮಾಡಿ, ಅಂದರೆ ಬೇರೆ ಯಾರಿಗೂ ಕೊಡದೆ ತನ್ನ ಹಿಡಿತದಲ್ಲಿ, ಇಟ್ಟುಕೊಳ್ತದೆ. ಹೊರಗೆ ಎಲ್ಲಿ ಕ್ಲಿಕ್ ಮಾಡಿದರೂ ಪಟ್ಟಿ ಮುಚ್ಚಬೇಕಲ್ಲ, ಅದಕ್ಕೆ. ಆ ಹೊತ್ತಿಗೇ ನಿಮ್ಮ ಬ್ರೇಕ್‌ಪಾಯಿಂಟ್ ಬಂದು ಪ್ರೋಗ್ರಾಂ ನಿಲ್ತದೆ. ನೀವು ಒತ್ತುವುದೆಲ್ಲ ನಿಂತ ಪ್ರೋಗ್ರಾಂನ ಬಾಗಿಲಲ್ಲಿ ಹೋಗಿ ಸಾಲು ನಿಲ್ತದೆ, ವಿಎಸ್ ಕೋಡ್‌ನ ಕಂಟಿನ್ಯೂ ಬಟನ್‌ಗೆ ಮುಟ್ಟುವುದೇ ಇಲ್ಲ. ಬೀಗದ ಕೈ ಒಳಗಿಟ್ಟು ಬಾಗಿಲು ಎಳೆದುಕೊಂಡ ಹಾಗೆ.

ಮೇಲೆ ಒಬ್ಬರು "ಸಿ ಪ್ಲಸ್‌ಪ್ಲಸ್‌ನಲ್ಲಿ ನನಗೆ ಹೀಗೆ ಆದದ್ದೇ ಇಲ್ಲ" ಅಂದಿದ್ದಾರೆ. ಅವರು ಹೇಳಿದ್ದು ಸರಿ. ತನ್ನನ್ನು ಶುರು ಮಾಡಿದ್ದು ಜಿಡಿಬಿ (ಅವರು ಬಳಸುವ ಡೀಬಗರ್, ದೋಷ ಹುಡುಕುವ ಸಾಧನ) ಅಂತ ಕಂಡರೆ ಕ್ಯೂಟಿ ತಾನಾಗಿಯೇ ಗ್ರ್ಯಾಬ್ ಮಾಡುವುದನ್ನೇ ಬಿಡ್ತದೆ. ನಿಮ್ಮಲ್ಲಿ ಶುರು ಮಾಡುವುದು ಜಿಡಿಬಿ ಅಲ್ಲ, ಪೈಥಾನ್‌ನ ಡೀಬಗರ್ ಆದ ಡೀಬಗ್‌ಪೈ. ಅದು ಕ್ಯೂಟಿಗೆ ಗೊತ್ತಾಗುವುದಿಲ್ಲ.

ಈಗ ಸಿಕ್ಕಿಬಿದ್ದರೆ: ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್‌ಎನ್ ಕೂಡ ಒತ್ಬೇಕು. ಕಪ್ಪು ಪರದೆಯಲ್ಲಿ ಲಾಗಿನ್ ಆಗಿ ಪಿಕಿಲ್ ಎಂಬ ಪ್ರೋಗ್ರಾಂ ಕೊಲ್ಲುವ ಕಮಾಂಡಿಗೆ ಮೈನಸ್ 9, ಮೈನಸ್ ಎಫ್, ಮತ್ತೆ ನಿಮ್ಮ ಫೈಲಿನ ಹೆಸರು ಕೊಡಿ. ಬರೀ ಪೈಥಾನ್ ಅಂತ ಕೊಟ್ಟೀರಿ, ಉಬುಂಟುವಿನದ್ದೇ ನಾಲ್ಕಾರು ಕೆಲಸ ಪೈಥಾನ್‌ನಲ್ಲಿ ಓಡ್ತಾ ಇರ್ತದೆ, ಅದೂ ಸಾಯ್ತದೆ. ಪ್ರೋಗ್ರಾಂ ಸತ್ತ ಕೂಡಲೇ ಗ್ರ್ಯಾಬ್ ಬಿಡ್ತದೆ. ವಾಪಸ್ ಬರ್ಲಿಕ್ಕೆ ಅದೇ ಕಂಟ್ರೋಲ್, ಆಲ್ಟ್ ಜೊತೆ ಎಫ್2, ಕೆಲವದರಲ್ಲಿ ಎಫ್1.

ಇನ್ನು ಶಾಶ್ವತ ಪರಿಹಾರ. ಪ್ರೋಗ್ರಾಂಗೆ ಮೈನಸ್ ನೋಗ್ರ್ಯಾಬ್ ಅಂತ ಆರ್ಗ್ಯುಮೆಂಟ್ ಕೊಡಬಹುದು, ಕೋಡಿನಲ್ಲಿ ಕ್ಯೂ ಅಪ್ಲಿಕೇಶನ್‌ಗೆ ಸಿಸ್ ಆರ್ಗ್‌ವಿ (ಪ್ರೋಗ್ರಾಂಗೆ ಕೊಟ್ಟ ಆರ್ಗ್ಯುಮೆಂಟ್‌ಗಳ ಲಿಸ್ಟ್) ಕಳಿಸಿದ್ದರೆ ಮಾತ್ರ ಕೆಲಸ ಮಾಡ್ತದೆ. ಖಾಲಿ ಲಿಸ್ಟ್ ಕಳಿಸುವ ಅಭ್ಯಾಸ ಇದ್ದರೆ ಬಿಡಿ. ಆದರೆ ಆಗ ಮೆನುವಿನ ನಡವಳಿಕೆಯೇ ಬದಲಾಗ್ತದೆ, ಹೊರಗೆ ಒತ್ತಿದರೆ ಮುಚ್ಚದೆ ಹೋಗಬಹುದು. ದೋಷ ಇರುವುದೇ ಮೆನುವಿನಲ್ಲಿ ಆದರೆ ಇದರಿಂದ ಎಂತ ಪ್ರಯೋಜನ?

ನಾನು ಹೇಳುವುದು ಝೆಫಿರ್. ಸ್ಪೆಲ್ಲಿಂಗ್ ಎಕ್ಸ್‌ನಿಂದ ಶುರು, ಎಪಿಟಿಯಲ್ಲಿ ಎಕ್ಸ್‌ಸರ್ವರ್ ಮೈನಸ್ ಝೆಫಿರ್ ಅಂತ ಸಿಗ್ತದೆ. ಒಂದು ಕಿಟಕಿಯ ಒಳಗೆ ಇನ್ನೊಂದು ಎಕ್ಸ್ ಸರ್ವರ್ ಓಡಿಸ್ತದೆ. ನಿಮ್ಮ ಪ್ರೋಗ್ರಾಂ ಗ್ರ್ಯಾಬ್ ಮಾಡಿದರೂ ಆ ಕಿಟಕಿಯೊಳಗಿನ ಮೌಸನ್ನು ಮಾತ್ರ. ಹೊರಗೆ ವಿಎಸ್ ಕೋಡ್ ಆರಾಮ. ಡಿಸ್‌ಪ್ಲೇ ನಂಬರ್ :5 ಕೊಡಿ, ಸ್ಕ್ರೀನ್ 1024x768. :1 ಕೊಡಬೇಡಿ, ಹಲವು ಉಬುಂಟುಗಳಲ್ಲಿ ನೀವು ಕೂತಿರುವ ಸೆಷನ್ನೇ :1 ಆಗಿರ್ತದೆ. ಆಮೇಲೆ ವಿಎಸ್ ಕೋಡ್‌ನ ಲಾಂಚ್ ಜೇಸನ್ ಫೈಲಿನಲ್ಲಿ ಎನ್ವ್ ಅಂತ ಇರುವಲ್ಲಿ ಡಿಸ್‌ಪ್ಲೇ ಅಂದರೆ :5. ಅಷ್ಟೇ. ಝೋರ್ಗ್ ಬದಲು ವೇಲ್ಯಾಂಡ್‌ನಲ್ಲಿ ಲಾಗಿನ್ ಆಗುವವರು ಅದರೊಟ್ಟಿಗೆ ಕ್ಯೂಟಿ ಕ್ಯೂಪಿಎ ಪ್ಲಾಟ್‌ಫಾರ್ಮ್‌ಗೆ ಎಕ್ಸ್‌ಸಿಬಿ ಅಂತಲೂ ಹಾಕಿ (ವೇರಿಯಬಲ್ ಹೆಸರಿನ ನಡುವೆ ಅಂಡರ್‌ಸ್ಕೋರ್, ಹೆಸರು ಎಲ್ಲ ದೊಡ್ಡಕ್ಷರ, ಎಕ್ಸ್‌ಸಿಬಿ ಮಾತ್ರ ಸಣ್ಣಕ್ಷರ). ಇಲ್ಲದಿದ್ದರೆ ಪ್ರೋಗ್ರಾಂ ಡಿಸ್‌ಪ್ಲೇ ವೇರಿಯಬಲನ್ನು ಕ್ಯಾರೇ ಅನ್ನದೆ ಹೊರಗೆ ಬಂದು ಕೂರಬಹುದು.

ಶುರುವಿಗೆ ಒಳಗಿರುವ ನಿಮ್ಮ ಪ್ರೋಗ್ರಾಂನ ಕಿಟಕಿಗೆ ಟೈಟಲ್ ಬಾರ್ ಇರುವುದಿಲ್ಲ, ಹೆದರಬೇಡಿ. ಒಳಗೆ ವಿಂಡೋ ಮ್ಯಾನೇಜರ್ ಇಲ್ಲ, ಅದಕ್ಕೆ. ಅದೇ :5ಕ್ಕೆ ಓಪನ್‌ಬಾಕ್ಸ್ ಎಂಬ ವಿಂಡೋ ಮ್ಯಾನೇಜರ್ ಓಡಿಸಿ. ಕಂಟ್ರೋಲ್ ಶಿಫ್ಟ್ ಒಟ್ಟಿಗೆ ಒತ್ತಿದರೆ ಝೆಫಿರ್ ತಾನೇ ಕೀಬೋರ್ಡನ್ನು ಹಿಡಿದುಕೊಳ್ತದೆ, ಮತ್ತೆ ಅದನ್ನೇ ಒತ್ತಿದರೆ ಬಿಡ್ತದೆ. ಹೊರಗೆ ಕಾಪಿ ಮಾಡಿದ್ದು ಒಳಗೆ ಪೇಸ್ಟ್ ಆಗುವುದಿಲ್ಲ. ಐಬಸ್ (ಕನ್ನಡ ಟೈಪ್ ಮಾಡಿಸುವ ಪ್ರೋಗ್ರಾಂ) ಅಲ್ಲಿ ಓಡ್ತಾ ಇಲ್ಲದ ಕಾರಣ ಕನ್ನಡ ಟೈಪಿಂಗೂ ಬರುವುದಿಲ್ಲ. ಭಕ್ತರ ಹೆಸರು ಬರೆಯುವ ಪೆಟ್ಟಿಗೆಯನ್ನು ಪರೀಕ್ಷಿಸುವಾಗ ಮಾತ್ರ ಹೊರಗೆ ಓಡಿಸಿ.

ಝೆಫಿರ್ ಇಲ್ಲದೆ ಹಾಗೆ ಹೊರಗೆ ಓಡಿಸುವಾಗ ಬ್ರೇಕ್‌ಪಾಯಿಂಟ್ ಕೈಕೊಡುವ ಜಾಗ ಇನ್ನೂ ಎರಡು. ಪೇಂಟ್ ಇವೆಂಟ್‌ನಲ್ಲಿ ಬ್ರೇಕ್‌ಪಾಯಿಂಟ್ ಇಟ್ಟರೆ ಕಿಟಕಿ ಮುಂದೆ ಬಂದಾಗಲೆಲ್ಲ ಮತ್ತೆ ಬಣ್ಣ ಬಳಿಯಬೇಕಾಗಬಹುದು, ಆಗ ಮತ್ತೆ ನಿಲ್ತದೆ, ಮುಗಿಯುವುದೇ ಇಲ್ಲ. ಫೋಕಸ್ ಔಟ್‌ನಲ್ಲಿ ಇಟ್ಟರೆ ಡೀಬಗರ್ ಎದುರು ಬರುವುದರಿಂದಲೇ ಫೋಕಸ್ ಹೋಗ್ತದೆ, ನೀವು ನೋಡುವುದು ನೀವೇ ಮಾಡಿದ ದೋಷ. ಇವೆರಡಕ್ಕೂ ಲಾಗ್‌ಪಾಯಿಂಟ್ ಹಾಕಿ. ಸಾಲಿನ ಎಡಕ್ಕೆ ರೈಟ್ ಕ್ಲಿಕ್ ಮಾಡಿ ಆ್ಯಡ್ ಲಾಗ್‌ಪಾಯಿಂಟ್, ನೋಡಬೇಕಾದ ವೇರಿಯಬಲ್ ಹೂಬ್ರಾಕೆಟ್‌ನ ಒಳಗೆ. ನಿಲ್ಲಿಸದೆ ಬರೆದುಕೊಂಡು ಹೋಗ್ತದೆ. ಹಾಗೆ ನೋಡಿದರೆ ದರ ತೋರಿಸುವ ನಿಮ್ಮ ಆ ಸ್ಲಾಟ್‌ಗೂ ಲಾಗ್‌ಪಾಯಿಂಟ್ ಸಾಕಿತ್ತು. ಇಲ್ಲವೇ ಸ್ಲಾಟನ್ನು ಹೈಲೈಟೆಡ್ (ಮೌಸ್ ಮೇಲೆ ಹೋದಾಗ ಬರುವುದು) ಬದಲು ಆಕ್ಟಿವೇಟೆಡ್ (ಆರಿಸಿದಾಗ ಬರುವುದು) ಸಿಗ್ನಲ್‌ಗೆ ಜೋಡಿಸಿ, ಅದು ಪಟ್ಟಿ ಮುಚ್ಚಿದ ಮೇಲೆ ಬರ್ತದೆ, ಆಗ ಗ್ರ್ಯಾಬ್ ಇರುವುದಿಲ್ಲ.

ತಿಂಗಳ ವರದಿ ಒತ್ತಿದರೆ ಕಿಟಕಿ ಬೂದು ಆಗ್ತದೆ ಅಂದಿರಲ್ಲ, ಅದಕ್ಕೆ ಲೂಪಿನ ಒಳಗೆ ಪ್ರೊಸೆಸ್ ಇವೆಂಟ್ಸ್ (ಕಾದಿರುವ ಕ್ಲಿಕ್‌ಗಳನ್ನು ಆಗಲೇ ನಡೆಸುವ ಕರೆ) ಹಾಕಿ ಅಂತ ಸಲಹೆ ಕೊಟ್ಟವರಿಗೆ ದೊಡ್ಡ ನಮಸ್ಕಾರ. ವರದಿ ಅರ್ಧ ಆಗಿರುವಾಗ ಬಳಕೆದಾರ ಅದೇ ಬಟನ್ ಇನ್ನೊಮ್ಮೆ ಒತ್ತಿದರೆ? ಒಂದರ ಹೊಟ್ಟೆಯೊಳಗೆ ಇನ್ನೊಂದು ವರದಿ ಶುರು. ದೀಪೋತ್ಸವದ ದಿನ ಕೌಂಟರ್‌ನಲ್ಲಿ ಹೀಗಾದರೆ ಭಟ್ರು ಬಿಡ್ಲಿಕ್ಕಿಲ್ಲ ನಿಮ್ಮನ್ನು. ಎಲ್ಲಿ ಸಿಕ್ಕಿಕೊಂಡಿದೆ ಅಂತ ಮೊದಲು ನೋಡಿ: ಪೈಸ್ಪೈ (ಓಡ್ತಿರುವ ಪೈಥಾನ್ ಪ್ರೋಗ್ರಾಂನ ಒಳಗೆ ಇಣುಕುವ ಸಾಧನ) ಹಾಕಿ, ಸುಡೋ ಜೊತೆ ಡಂಪ್ ಕಮಾಂಡಿಗೆ ಪ್ರೊಸೆಸ್ ನಂಬರ್ ಕೊಟ್ಟರೆ ಆ ಕ್ಷಣಕ್ಕೆ ಯಾವ ಸಾಲಿನಲ್ಲಿ ನಿಂತಿದೆ ಅಂತ ಹೇಳ್ತದೆ. ಬ್ರೇಕ್‌ಪಾಯಿಂಟೂ ಬೇಡ.

ಆಮೇಲೆ ಆ ವರದಿಯ ಕೆಲಸವನ್ನು ಕ್ಯೂಥ್ರೆಡ್‌ಗೆ ಕೊಡಿ, ಅದು ಕಿಟಕಿಯನ್ನು ನಿಲ್ಲಿಸದೆ ಪಕ್ಕದಲ್ಲಿ ಓಡ್ತದೆ. ಥ್ರೆಡ್‌ನ ಒಳಗಿಂದ ಲೇಬಲ್, ಟೇಬಲ್ ಯಾವುದನ್ನೂ ಮುಟ್ಟಬಾರದು, ಸಿಗ್ನಲ್ ಕಳಿಸಿ. ಮುಟ್ಟಿದರೆ ಹತ್ತು ಸಲ ಸರಿ ಓಡಿ ಹನ್ನೊಂದನೆಯ ಸಲ ಸಂಬಂಧವೇ ಇಲ್ಲದ ಜಾಗದಲ್ಲಿ ಬೀಳ್ತದೆ. ಥ್ರೆಡ್ಡನ್ನು ಸೆಲ್ಫ್‌ಗೆ ಕಟ್ಟಿ ಇಡಿ, ಫಂಕ್ಷನ್ ಮುಗಿದಾಗ ಅದೂ ಕಸಕ್ಕೆ ಹೋಗಬಾರದು. ಎಸ್‌ಕ್ಯೂಲೈಟ್ (ರಶೀದಿಗಳನ್ನು ಇಟ್ಟಿರುವ ಡೇಟಾಬೇಸ್) ಕನೆಕ್ಷನ್ ಆ ಥ್ರೆಡ್‌ನ ಒಳಗೇ ಹೊಸದಾಗಿ ತೆರೆಯಿರಿ, ಬೇರೆ ಥ್ರೆಡ್‌ನಿಂದ ಬಳಸಿದರೆ ತಕರಾರು ಮಾಡುವ ಚೆಕ್ ಸೇಮ್ ಥ್ರೆಡ್ಡನ್ನು ಫಾಲ್ಸ್ ಮಾಡಿ ಬಾಯಿ ಮುಚ್ಚಿಸಬೇಡಿ. ರನ್ ಒಳಗಿನ ಬ್ರೇಕ್‌ಪಾಯಿಂಟ್ ತಾಗದಿದ್ದರೆ ರನ್‌ನ ಮೊದಲ ಸಾಲಿಗೆ ಡೀಬಗ್‌ಪೈಯ ಡೀಬಗ್ ದಿಸ್ ಥ್ರೆಡ್ ಹಾಕಿ. ವಿಎಸ್ ಕೋಡ್‌ನಂಥದ್ದೇ ಆದ ಪೈಚಾರ್ಮ್‌ನಲ್ಲಿ ಡೀಬಗರ್ ಸೆಟ್ಟಿಂಗ್‌ನಲ್ಲಿ ಪೈಕ್ಯೂಟಿ ಕಂಪ್ಯಾಟಿಬಲ್ ಅಂತ ಒಂದು ಟಿಕ್ ಉಂಟು. ಒಳ್ಳೆಯದೇ, ಆದರೆ 8 ಜಿಬಿ ಲ್ಯಾಪ್‌ಟಾಪ್‌ಗೆ ಭಾರ, ಅದಕ್ಕೋಸ್ಕರ ಬದಲಾಯಿಸಬೇಡಿ.

ಕಾರಣ ಹೇಳದೆ ಅಬಾರ್ಟೆಡ್ ಅಂತ ಬೀಳುವುದು ಬೇರೆ ರೋಗ. ಪೈಕ್ಯೂಟಿ 5.5ರಿಂದ ಮೇಲೆ ಸ್ಲಾಟ್‌ನಲ್ಲಿ ಯಾರೂ ಹಿಡಿಯದ ಎಕ್ಸೆಪ್ಶನ್ (ಓಡುವಾಗ ಬರುವ ದೋಷ) ಬಂದರೆ ಇಡೀ ಪ್ರೋಗ್ರಾಂ ಮುಗಿಸಿಬಿಡ್ತದೆ. ಸಿಸ್‌ನ ಎಕ್ಸೆಪ್ಟ್‌ಹುಕ್‌ಗೆ ಟ್ರೇಸ್‌ಬ್ಯಾಕನ್ನು (ದೋಷ ಯಾವ ಸಾಲಿನಲ್ಲಿ ಬಂತು ಎಂಬ ವಿವರ) ಫೈಲಿಗೆ ಬರೆಯುವ ನಿಮ್ಮದೇ ಫಂಕ್ಷನ್ ಕೊಡಿ.

ಈಗ ಅರ್ಜೆಂಟ್ ಸಂಗತಿ. ನಿಮ್ಮ ಫೋಟೋದಲ್ಲಿ ರಶೀದಿಯ ಡಿಬಿ ಫೈಲಿನ ಪಕ್ಕ ಅದೇ ಹೆಸರಿನ ಮೈನಸ್ ಜರ್ನಲ್ ಫೈಲ್ ಕಾಣ್ತಾ ಉಂಟು, ಕೆಳಗೆ "ಬೇಡದ ಫೈಲ್ ಅಳಿಸ್ತೇನೆ" ಅಂತ ಬರೆದಿದ್ದೀರಿ. ಅದನ್ನು ಮುಟ್ಟಬೇಡಿ! ಪವರ್ ಕಟ್ ಮಾಡಿದಾಗ ಅರ್ಧಕ್ಕೆ ನಿಂತ ಬರವಣಿಗೆಯನ್ನು ಹಿಂದೆ ತರುವುದು ಅದೇ ಫೈಲ್. ಅಳಿಸಿದರೆ ಡಿಬಿ ಕೆಡಬಹುದು. ಮೊದಲು ಎರಡನ್ನೂ ಒಟ್ಟಿಗೆ ಬೇರೆ ಕಡೆ ಕಾಪಿ ಮಾಡಿ. ಆಮೇಲೆ ಎಸ್‌ಕ್ಯೂಲೈಟ್3ರಲ್ಲಿ ಡಿಬಿ ತೆರೆದು ಪ್ರಾಗ್ಮಾ ಇಂಟೆಗ್ರಿಟಿ ಚೆಕ್ ಕೊಡಿ (ಕೊನೆಯ ಎರಡು ಪದಗಳ ನಡುವೆ ಅಂಡರ್‌ಸ್ಕೋರ್). ಓಕೆ ಅಂತ ಒಂದೇ ಪದ ಬರಬೇಕು. ಬೇರೆ ಏನಾದರೂ ಬಂದರೆ ಹೊಸ ರಶೀದಿ ಹಾಕದೆ ಆ ಸಾಲುಗಳನ್ನು ಇಲ್ಲಿ ಹಾಕಿ.