ಅಲ್ಲಿ ಇಳಿಯೋದು ಮೊದಲು, ಹತ್ತೋದು ಆಮೇಲೆ

ಪ್ರಶ್ನೆ: ಮಗ ಅಮೆರಿಕದ ಫೀನಿಕ್ಸ್‌ನಲ್ಲಿದ್ದಾನೆ. ಜೂನ್‌ನಲ್ಲಿ ನಾವಿಬ್ಬರೂ ಹೋಗುತ್ತಿದ್ದೇವೆ. ಗ್ರ್ಯಾಂಡ್ ಕ್ಯಾನ್ಯನ್ ಅನ್ನೋ ಆಳವಾದ ಕಣಿವೆಯಲ್ಲಿ ತಳದ ನದಿವರೆಗೂ ಇಳಿದು ಅದೇ ದಿನ ವಾಪಸ್ ಹತ್ತಬೇಕು ಅನ್ನೋದು ನಮ್ಮ ಯಜಮಾನರ ಆಸೆ. ಅವರಿಗೆ 63, ನನಗೆ 58. ಪ್ರತಿ ಭಾನುವಾರ ಮೆಟ್ಟಿಲಲ್ಲೇ ಚಾಮುಂಡಿ ಬೆಟ್ಟ ಹತ್ತುತ್ತೇವೆ. ಆಗುತ್ತಾ?
- ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಖಂಡಿತ ಹೋಗಿ ಬನ್ನಿ, ಆದರೆ ನದಿವರೆಗೆ ಬೇಡ. ಒಂದೇ ದಿನದಲ್ಲಿ ಇಳಿದು ಹತ್ತಬೇಡಿ ಅಂತ ಅಲ್ಲಿನ ರಾಷ್ಟ್ರೀಯ ಉದ್ಯಾನದವರೇ ಹೇಳುತ್ತಾರೆ, ಅದರಲ್ಲೂ ಜೂನ್ ಅಂದರೆ ಅಲ್ಲಿ ಕಡುಬೇಸಿಗೆ.

ಬೆಟ್ಟದಲ್ಲಿ ಸುಸ್ತಾದರೆ ನಂದಿ ಹತ್ತಿರ ಕೂತು, ಸಾಕು ಅನಿಸಿದರೆ ಇಳಿದು ಬರಬಹುದು, ಅಲ್ವಾ? ಅಲ್ಲಿ ಎಲ್ಲ ತಿರುಗುಮುರುಗು. ಬೆಳಗಿನ ತಂಪಿನಲ್ಲಿ ಕಾಲು ತಾನಾಗಿ ಇಳಿಯುತ್ತದೆ, ಇನ್ನೊಂದು ತಿರುವು ನೋಡೋಣ ಅನಿಸುತ್ತದೆ, ಆಮೇಲೆ ಬಿಸಿಲು ನೆತ್ತಿಗೇರಿದ ಹೊತ್ತಿಗೆ ಸರಿಯಾಗಿ ಹತ್ತೋದು ಶುರುವಾಗುತ್ತದೆ. ಇಳಿಯಲು ಹಿಡಿದ ಸಮಯದ ಎರಡರಷ್ಟು ಹತ್ತಲು ಬೇಕು. ಕೆಳಗೆ ಹೋದಷ್ಟೂ ಸೆಖೆ ಜಾಸ್ತಿ, ನದಿ ಹತ್ತಿರ ಮೇಲಿಗಿಂತ 11 ಡಿಗ್ರಿವರೆಗೂ ಹೆಚ್ಚಿರುತ್ತದೆ. ಒಣಹವೆಯಲ್ಲಿ ಬೆವರು ಕಾಣೋದೇ ಇಲ್ಲ. ಅಂಗಿ ಒದ್ದೆಯಾಗಲ್ಲ, ತುಟಿ ಮಾತ್ರ ಉಪ್ಪುಪ್ಪಾಗುತ್ತದೆ.

ದಕ್ಷಿಣ ಅಂಚಿನಿಂದ ಹೊರಡುವ ಬ್ರೈಟ್ ಏಂಜಲ್ ದಾರಿ ಹಿಡಿಯಿರಿ. ಸುಮಾರು 2.4 ಕಿಲೋಮೀಟರ್ ಇಳಿದರೆ ಒಂದು ತಂಗುಮನೆ ಸಿಗುತ್ತದೆ. ಅಲ್ಲೇ ತಿರುಗಿಬಿಡಿ. ಅಷ್ಟಕ್ಕೇ ಸುಮಾರು 340 ಮೀಟರ್ ಇಳಿದಿರುತ್ತೀರಿ, ಅಂದರೆ ವಾಪಸ್ ಬರುವಾಗ ಚಾಮುಂಡಿ ಬೆಟ್ಟ ಹತ್ತಿದ ಹಾಗೇ ಲೆಕ್ಕ. ನದಿ ಅಂದರೆ ಸುಮಾರು 1,300 ಮೀಟರ್, ನಾಲ್ಕು ಬೆಟ್ಟ! ಬೇಸಿಗೆಯಲ್ಲಿ ತಂಗುಮನೆಯಲ್ಲಿ ನೀರು ಬರುತ್ತದೆ, ಆದರೆ ಪೈಪ್ ಒಡೆದರೆ ಬರಲ್ಲ, ಮೇಲೇ ವಿಚಾರಿಸಿ ಇಳಿಯಿರಿ. ಸೌತ್ ಕೈಬಾಬ್ ದಾರಿಯ ನೋಟ ಇದಕ್ಕಿಂತ ಚೆಂದ, ನಿಜ. ಆದರೆ ಅಲ್ಲಿ ನೀರೂ ಇಲ್ಲ, ನೆರಳೂ ಇಲ್ಲ ಅನ್ನಬಹುದು. ಜೂನ್‌ನಲ್ಲಿ ನಿಮಗೆ ಅದು ಬೇಡ.

ಬೆಳಕು ಹರಿಯುವಾಗಲೇ ಹೊರಟು 10 ಗಂಟೆಯೊಳಗೆ ಮೇಲಿರಿ. ಮಿಕ್ಕ ಹೊತ್ತಿಗೆ ಅಂಚಿನುದ್ದಕ್ಕೂ ಸುಮಾರು 21 ಕಿಲೋಮೀಟರ್ ರಿಮ್ ಟ್ರೈಲ್ ಇದೆ, ಬಹುಪಾಲು ಸಮತಟ್ಟು, ಸಾಕಾದ ಕಡೆ ಪುಕ್ಕಟೆ ಬಸ್ ಹತ್ತಬಹುದು. ದಾರಿಯಲ್ಲಿ ಹೇಸರಗತ್ತೆಗಳ ಸಾಲು ಎದುರಾದರೆ ಪ್ರಪಾತದ ಕಡೆ ಸರಿಯಬೇಡಿ, ಗೋಡೆಯ ಕಡೆ ನಿಂತು ದಾರಿ ಬಿಡಿ.

ಬರೀ ನೀರು ಕುಡಿಯುತ್ತಾ ಹೋಗೋದೂ ಅಪಾಯವೇ, ಮೈಯಲ್ಲಿನ ಉಪ್ಪು ಇಳಿದುಹೋಗುತ್ತದೆ. ಊರಿಂದ ಕೋಡುಬಳೆ ತಗೊಂಡು ಹೋಗ್ತೀರಲ್ಲ, ಎಲ್ಲವನ್ನೂ ಮಗನ ಮನೆಯಲ್ಲೇ ಬಿಟ್ಟುಬಿಡಬೇಡಿ, ಒಂದು ಪೊಟ್ಟಣ ಚೀಲದಲ್ಲಿರಲಿ.