ದುಂಡು ಮಲ್ಲಿಗೆಯೋ ಜಾಜಿಯೋ? ಎಲೆ ನೋಡಿ ಹೇಳಿ

ಪ್ರಶ್ನೆ: ಮಲ್ಲಿಗೆ ಎಂದು ಎರಡು ಸಸಿ ತಂದು ಕುಂಡದಲ್ಲಿ ನೆಟ್ಟಿದ್ದೇವೆ. ಒಂದು ಪೊದೆಯಾಗಿದೆ, ಇನ್ನೊಂದು ಬಳ್ಳಿಯಂತೆ ಹರಡಿ ಮೊಗ್ಗಿನ ಹೊರಗೆ ಗುಲಾಬಿ ಬಣ್ಣ ಕಾಣಿಸುತ್ತಿದೆ. ಅದೇನು ರೋಗವೇ? ಅಂದವಾಗಿರಲೆಂದು ತಿಂಗಳಿಗೊಮ್ಮೆ ತುದಿ ಕತ್ತರಿಸುತ್ತೇವೆ. ಪೊದೆಯಲ್ಲಿ ಹೂವೇ ಇಲ್ಲ, ಏಕೆ?

ಉತ್ತರ: ರೋಗವಲ್ಲ. ಆ ಗುಲಾಬಿ ಛಾಯೆ ಜಾಜಿಯ ಗುರುತು. ಅರಳಿದ ಮೇಲೂ ಎಸಳಿನ ಬೆನ್ನಲ್ಲಿ ಉಳಿದಿರುತ್ತದೆ. ಪೊದೆಯಾಗಿರುವುದು ದುಂಡು ಮಲ್ಲಿಗೆ ಇರಬೇಕು. ಹೂವಿಲ್ಲದಾಗ ಎಲೆ ನೋಡಿ. ದುಂಡು ಮಲ್ಲಿಗೆಯದು ಅಗಲವಾದ ಬಿಡಿ ಎಲೆ, ಗೆಣ್ಣಿಗೆ ಎರಡು, ಕೆಲವೊಮ್ಮೆ ಮೂರು. ಜಾಜಿಯಲ್ಲಿ ಒಂದೇ ಕಡ್ಡಿಗೆ ಐದು ಅಥವಾ ಹೆಚ್ಚು ಕಿರು ಎಲೆಗಳಿದ್ದು, ತುದಿಯದು ಎಲ್ಲಕ್ಕಿಂತ ದೊಡ್ಡದು. ಅಂದಹಾಗೆ, 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ದುಂಡು ಮಲ್ಲಿಗೆಯನ್ನು ಪಾರಿಜಾತದ ಕುಲಕ್ಕೆ ಸೇರಿಸಿಬಿಟ್ಟಿದ್ದ. ಹಾಗಾಗಿ ನಿಮ್ಮ ಗೊಂದಲಕ್ಕೆ ನಾಚಿಕೆ ಬೇಡ.

ಹೂ ಬಾರದಿರಲು ಮುಖ್ಯ ಕಾರಣ ನಿಮ್ಮ ಕತ್ತರಿ. ಮೊಗ್ಗು ಮೂಡುವುದು ಹೊಸ ಚಿಗುರಿನ ತುದಿಯಲ್ಲಿ. ತಿಂಗಳಿಗೊಮ್ಮೆ ತುದಿ ಕತ್ತರಿಸಿದರೆ ಬರಲಿರುವ ಮೊಗ್ಗನ್ನೇ ತೆಗೆದಂತೆ. ದೊಡ್ಡ ಸವರುವಿಕೆ ವರ್ಷಕ್ಕೆ ಒಂದೇ ಬಾರಿ, ಚಳಿಗಾಲದಲ್ಲಿ ಗಿಡ ಬೆಳವಣಿಗೆ ನಿಲ್ಲಿಸಿದಾಗ. ಅದಕ್ಕೆ ಹತ್ತು ದಿನ ಮೊದಲು ನೀರು ಕಡಿಮೆ ಮಾಡಿ, ಬಲಿತ ದುಂಡು ಮಲ್ಲಿಗೆಯನ್ನು ಮಣ್ಣಿನಿಂದ 45–50 ಸೆಂ.ಮೀ. ಎತ್ತರಕ್ಕೆ ಕತ್ತರಿಸಿ, ಒಣಗಿದ ಮತ್ತು ಒಂದಕ್ಕೊಂದು ಉಜ್ಜುವ ರೆಂಬೆಗಳನ್ನು ಬುಡದಲ್ಲೇ ತೆಗೆಯಿರಿ. ಬಳಿಕ ಗೊಬ್ಬರ ಕೊಟ್ಟು ನೀರು ಹಾಯಿಸಿ. ಉಳಿದ ದಿನಗಳಲ್ಲಿ ಹೂ ಮುಗಿದ ರೆಂಬೆಯನ್ನಷ್ಟೇ ಎರಡು ಜೊತೆ ಎಲೆ ಕೆಳಗೆ ಚಿವುಟಿದರೆ ಸಾಕು. ಜಾಜಿಗೂ ಇದೇ ಕ್ರಮ, ಆದರೆ ಅದಕ್ಕೆ ಜಾಗ ಹೆಚ್ಚು ಬೇಕು: ನೆಲದಲ್ಲಾದರೆ ದುಂಡು ಮಲ್ಲಿಗೆಗೆ ಸುಮಾರು 1.25 ಮೀಟರ್ ಅಂತರ, ಜಾಜಿಗೆ 1.5ರಿಂದ 2 ಮೀಟರ್. ಕುಂಡದಲ್ಲಾದರೆ ಆಸರೆಗೆ ಕೋಲು ನೆಡಿ.

ಕತ್ತರಿ ಬಿಟ್ಟ ಮೇಲೂ ಸೊಂಪಾದ ಹಸಿರಷ್ಟೇ ಬಂದರೆ ಸಾರಜನಕ ಹೆಚ್ಚಾಗಿದೆ ಅಥವಾ ಬಿಸಿಲು ಸಾಲದು; ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳಬೇಕು. ನರ ಹಸಿರಾಗಿಯೇ ಇದ್ದು ಎಳೆಯ ಎಲೆ ಹಳದಿಯಾದರೆ ಕಬ್ಬಿಣದ ಕೊರತೆ, ಸುಣ್ಣದಂಶದ ನೀರಿನಲ್ಲಿ ಇದು ಸಾಮಾನ್ಯ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ.

ದುಂಡು ಮಲ್ಲಿಗೆಯ ಬಲಿತ ಬಿಳಿ ಮೊಗ್ಗನ್ನು ಬೆಳಗ್ಗೆ ಬಿಸಿಲೇರುವ ಮೊದಲೇ ಕೊಯ್ದರೆ ಅಂದೇ ಸಂಜೆ ಅರಳುತ್ತದೆ.